ಓಲೆಯ ತಿರುಪು, ರಿವಾಲ್ವರಿನ ತಿರುಪು

ಗೆಳೆಯರೇ,

ಒಂದು ಪುಟ್ಟ ಸ್ಕ್ರೂ ಕಳೆದುಹೋಗಿ ಹುಟ್ಟಿದ ಪ್ರಶ್ನೆ ಇದು. ಬದಲಿ ಸ್ಕ್ರೂ ಸಿಕ್ಕಿತು. ಅದರ ಜೋಡಿಗೆ ಏನೆನ್ನಬೇಕು ಅನ್ನೋದು ಇನ್ನೂ ಸಿಕ್ಕಿಲ್ಲ.

ಮೈಸೂರಿನಲ್ಲಿ ನಮ್ಮ ಮಾವನ ಹತ್ತಿರ ಒಂದು ಹಳೇ ವೆಬ್ಲಿ ರಿವಾಲ್ವರ್ ಇದೆ. ಬರ್ಮಿಂಗ್‌ಹ್ಯಾಮ್‌ನಲ್ಲಿ ತಯಾರಾದದ್ದು, ಅವರ ತಂದೆಯ ಕಾಲದ್ದು. ಲೈಸೆನ್ಸ್ ಇದೆ. ಅದರಲ್ಲಿ ಈಡು ಹಾರಿಸಿದ್ದನ್ನು ಮನೆಯಲ್ಲಿ ಯಾರೂ ನೋಡಿಲ್ಲ. ವರ್ಷಕ್ಕೊಂದು ಸಲ ಆಯುಧಪೂಜೆಗೆ ಬೀರುವಿನಿಂದ ಆಚೆ ಬರುತ್ತದೆ, ಒರೆಸಿಕೊಳ್ಳುತ್ತದೆ, ಕುಂಕುಮ ಇಡಿಸಿಕೊಂಡು ಒಳಗೆ ಹೋಗುತ್ತದೆ. ಹೋದ ಸಲ ಮಾವ ಹಿಡಿಯ ಎರಡು ಪಕ್ಕದ ಕಪ್ಪು ತುಂಡುಗಳನ್ನು ಬಿಚ್ಚಿ, ಸ್ಕ್ರೂವನ್ನು ಪೇಪರಿನ ಮೇಲೆ ಇಟ್ಟಿದ್ದರು. ಆ ಪೇಪರನ್ನು ಯಾರೋ ಕೊಡವಿಬಿಟ್ಟರು. "ತಿರುಪು ಎಲ್ಲೋ ಬಿತ್ತು, ನೋಡೇ!" ಅಂತ ಮಾವ ಕೂಗಿದರು. ಒಳಗಿಂದ ಓಡಿ ಬಂದ ಅತ್ತೆ ಮೊದಲು ಮುಟ್ಟಿ ನೋಡಿಕೊಂಡಿದ್ದು ತಮ್ಮ ಕಿವಿಯನ್ನು.

ತಮಾಷೆ ಅನಿಸಿತು. ಆದರೆ ರಾತ್ರಿ ಮಲಗಿದಾಗ ಅದೇ ತಲೆಯಲ್ಲಿ ತಿರುಗುತ್ತಿತ್ತು. ಅತ್ತೆಗೆ ತಿರುಪು ಅಂದರೆ ಓಲೆಯ ಹಿಂದೆ ಕೂರುವ ಬಿಲ್ಲೆ. ಅದಕ್ಕೆ ತೂತಿದೆ, ಸುತ್ತು (ಥ್ರೆಡ್ಡು) ತೂತಿನ ಒಳಗಿದೆ. ಮಾವನಿಗೆ ತಿರುಪು ಅಂದರೆ ತಲೆ ಇರುವ ಮೊಳೆಯಂಥದ್ದು, ಸುತ್ತು ಅದರ ಮೈಮೇಲಿದೆ. ಒಂದು ಹೊಗುವುದು, ಇನ್ನೊಂದು ಹೊಗಿಸಿಕೊಳ್ಳುವುದು. ಎರಡಕ್ಕೂ ಒಂದೇ ಹೆಸರು. ಓಲೆಯಲ್ಲಾದರೆ ಗೊಂದಲವಿಲ್ಲ, ಯಾಕಂದರೆ ಕಡ್ಡಿ ಓಲೆಗೇ ಅಂಟಿರುತ್ತದೆ, ಕಳೆದುಹೋಗುವುದು ಬಿಲ್ಲೆ ಮಾತ್ರ. ರಿವಾಲ್ವರಿನ ಹಿಡಿಯಲ್ಲಿ ಹಾಗಲ್ಲ. ಒಂದು ಪಕ್ಕದಿಂದ ಹೊಕ್ಕ ಸ್ಕ್ರೂ ನಡುವಿನ ಕಬ್ಬಿಣವನ್ನು ದಾಟಿ, ಆ ಪಕ್ಕದ ತುಂಡಿನಲ್ಲಿ ಕೂರಿಸಿರುವ ಹಿತ್ತಾಳೆಯ ಪುಟ್ಟ ಬಳೆಯನ್ನು ಕಚ್ಚಿಕೊಳ್ಳುತ್ತದೆ. ಎರಡೂ ಬೇರೆ ಬೇರೆ ಕಳೆಯಬಹುದು, ಬೇರೆ ಬೇರೆ ಕೆಡಬಹುದು.

ಇದು ಸುಮ್ನೆ ಪದದ ಚಟ ಅಂದುಕೊಳ್ಳಬೇಡಿ. ಅಂಗಡಿಯಲ್ಲಿ ಇದರಿಂದಲೇ ಪೇಚಾಡಿದ್ದೇವೆ. ಆನ್‌ಲೈನಿನಲ್ಲಿ ಹಳೇ ಸಾಮಾನು ಮಾರುವ ಒಬ್ಬರಿಗೆ ಮಾವ ಫೋನಿನಲ್ಲಿ ಕನ್ನಡದಲ್ಲೇ "ಹಿಡಿ ತಿರುಪು ಬೇಕು" ಅಂದರು. ಹತ್ತು ದಿನ ಕಾದ ಮೇಲೆ ಬಂದದ್ದು ಹಿತ್ತಾಳೆಯ ಬಳೆ! ನಮ್ಮ ಬಳೆ ನೆಟ್ಟಗೇ ಇತ್ತು. ವಾಪಸ್ ತಗೊಳ್ಳಲಿಲ್ಲ.

ಆಮೇಲೆ ಸಂತೇಪೇಟೆಯ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋದೆವು. ರಿವಾಲ್ವರ್ ಒಯ್ಯಲಿಲ್ಲ, ಕಪ್ಪು ತುಂಡುಗಳನ್ನು ಮಾತ್ರ ಕರ್ಚೀಫಿನಲ್ಲಿ ಸುತ್ತಿಕೊಂಡು ಹೋದೆವು. ಸ್ಕ್ರೂ ಅಳತೆಗೆ ಅಷ್ಟು ಸಾಕು. ಆಯುಧವನ್ನೇ ರಿಪೇರಿಗೆ ಕೊಡುವುದಾದರೆ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಅದಕ್ಕೆ ಲೈಸೆನ್ಸ್ ಇರುವವರೇ ಆಗಬೇಕು. ಅಂಗಡಿಯವನು 4 ಎಂಎಂ ಕೊಟ್ಟ, ಬಾಯಲ್ಲೇ ನಿಂತಿತು. 3 ಎಂಎಂ ಗಲಗಲ ಅಂತ ಆಡಿತು. ಮೂರೂವರೆಯದು ಎರಡು ಸುತ್ತು ಸಲೀಸಾಗಿ ಹೋಗಿ ಕಚ್ಚಿಕೊಂಡಿತು. "ಒತ್ತಿ ತಿರುಗಿಸಿ ಸಾರ್, ಹೋಗುತ್ತೆ" ಅಂದ. ಮಾವ ಒತ್ತಲಿಲ್ಲ, ಪುಣ್ಯ. ಒತ್ತಿದ್ದರೆ ಹಿತ್ತಾಳೆಯ ಸುತ್ತು ನುಣ್ಣಗಾಗಿ ಹೋಗುತ್ತಿತ್ತು. ಆಗ ಬಂದಿದ್ದ ಆ ಬೇಡದ ಬಳೆ ಕೆಲಸಕ್ಕೆ ಬರುತ್ತಿತ್ತೋ ಏನೋ.

ಯಾಕೆ ಹೋಗಲಿಲ್ಲ ಅನ್ನೋದನ್ನು ಹೇಳಿಕೊಟ್ಟವರು ಒಬ್ಬ ವಯಸ್ಸಾದ ಲೇತ್ ಕೆಲಸದವರು. ಇವತ್ತು ನಮ್ಮ ಅಂಗಡಿಗಳಲ್ಲಿ ಸಿಗುವ ಸ್ಕ್ರೂಗಳು ಹೆಚ್ಚಾಗಿ ಮೆಟ್ರಿಕ್, ಸುತ್ತಿನ ಕೋನ 60 ಡಿಗ್ರಿ. ಇಂಗ್ಲೆಂಡಿನ ಹಳೇ ವಿಟ್‌ವರ್ತ್ ಸುತ್ತು 55 ಡಿಗ್ರಿ. ಸಣ್ಣ ಸ್ಕ್ರೂಗಳಿಗೆ ಅಂತಲೇ 1884ರಲ್ಲಿ ಬಂದ ಬಿಎ (ಬ್ರಿಟಿಷ್ ಅಸೋಸಿಯೇಷನ್) ಸುತ್ತು ನಲವತ್ತೇಳೂವರೆ. ಅದರಲ್ಲಿ ನಾಲ್ಕನೇ ನಂಬರಿನ, ಅಂದರೆ 4 ಬಿಎ, ಸ್ಕ್ರೂ ದಪ್ಪ 3.6 ಎಂಎಂ, ಸುತ್ತಿನಿಂದ ಸುತ್ತಿಗೆ 0.66. ನಮ್ಮ ಮೂರೂವರೆಯದಕ್ಕೆ 0.6. ಕಣ್ಣಿಗೆ ಒಂದೇ ಥರ ಕಾಣುತ್ತವೆ, ಎರಡು ಸುತ್ತಿಗೆ ಬಣ್ಣ ಬಯಲಾಗುತ್ತದೆ. ಅದರ ಮೇಲೆ, ಹಳೇ ಬಂದೂಕು ಕಂಪನಿಗಳು ಎಷ್ಟೋ ಸಲ ತಮ್ಮದೇ ಸುತ್ತು ಹಾಕಿಕೊಳ್ಳುತ್ತಿದ್ದವಂತೆ. ಕೊನೆಗೆ ಅವರು ಬಳೆಯನ್ನೇ ಅಳತೆ ಮಾಡಿಕೊಂಡು ಉಕ್ಕಿನ ಕಡ್ಡಿಯಿಂದ ಹೊಸದನ್ನೇ ಕಡೆದು ಕೊಟ್ಟರು. ತಲೆಯ ಸೀಳನ್ನು ಗರಗಸದ ಎಳೆಯಷ್ಟು ಸಣ್ಣಗೆ ಕೊಯ್ದರು, ಹಳೇದರ ಹಾಗೇ. "ದಪ್ಪ ಬಾಯಿಯ ತಿರುಪುಳಿ ಹಾಕಬೇಡಿ, ಜಾರಿ ಚಿಪ್ಪನ್ನು ಗೀರುತ್ತೆ. ಜಾಸ್ತಿ ಬಿಗಿಯಲೂಬೇಡಿ, ಇದು ಗಂಧಕ ಸೇರಿಸಿ ಗಟ್ಟಿ ಮಾಡಿದ ರಬ್ಬರು, ಮೂಲೆ ಸೀಳುತ್ತೆ" ಅಂದರು.

ಈ ಮಾತಿನಲ್ಲಿ ನನಗೆ ಎರಡು ಪದ ಬಿಟ್ಟಿ ಸಿಕ್ಕವು. ಒಂದು ಚಿಪ್ಪು. ಹಿಡಿಯ ಎರಡು ಪಕ್ಕದ ತುಂಡುಗಳಿಗೆ ನಾನು ಚಕ್ಕೆ ಅನ್ನಬೇಕೋ ಹಲಗೆ ಅನ್ನಬೇಕೋ ಅಂತ ಒದ್ದಾಡುತ್ತಿದ್ದೆ. ಮರದ್ದೇ ಅಲ್ಲದ ಮೇಲೆ ಚಕ್ಕೆ ಹೇಗೆ? ಚಿಪ್ಪು ಸರಿಯಾಗಿ ಕೂರುತ್ತದೆ. ಎರಡು ಚಿಪ್ಪು, ನಡುವೆ ತಿರುಳಿನ ಹಾಗೆ ಕಬ್ಬಿಣ. ಇನ್ನೊಂದು ತಿರುಪುಳಿ. ಸ್ಕ್ರೂಡ್ರೈವರ್ ಬಂದ ಮೇಲೆ ಈ ಪದ ಕೇಳಿ ಎಷ್ಟು ವರ್ಷವಾಗಿತ್ತು!

ತಿರುಪುಳಿಯನ್ನು ಬಿಡಿಸಿದರೆ ತಿರುಪು, ಉಳಿ. ಇದು ತಿರುಪಿನ ಉಳಿಯೋ, ತಿರುಪುವ ಉಳಿಯೋ? ನನಗೆ ಎರಡನೆಯದೇ ಸರಿ ಅನಿಸುತ್ತದೆ. ಕಡೆಯುವ ಕೋಲು ಕಡೆಗೋಲು ಆದ ಹಾಗೆ. ತಿರುಪು ಅಂದರೆ ತಿರುಗಿಸು ಅಂತ ಕ್ರಿಯಾಪದವೇ ಇತ್ತಲ್ಲ. ತಿರುಗು, ತಿರುವು, ತಿರುಚು ಎಲ್ಲ ಅದೇ ಬಳ್ಳಿಯವು. ಹಾಗಾದರೆ ತಿರುಪುಮೊಳೆಯೂ ತಿರುಪುವ ಮೊಳೆಯೇ. ಬರೀ ತಿರುಪು ಅಂದರೆ ತಿರುಗಿಸಿ ಕೂರಿಸುವ ಯಾವುದಾದರೂ ಆಗಬಹುದು, ಹೊಗುವುದೋ ಹೊಗಿಸಿಕೊಳ್ಳುವುದೋ ಅನ್ನುವ ಭೇದ ಪದದೊಳಗೆ ಇಲ್ಲ. ಅಂದರೆ ಅತ್ತೆಯೂ ಸರಿ, ಮಾವನೂ ಸರಿ. (ತಿರುಪೆಗೂ ಇದಕ್ಕೂ ನಂಟಿದೆಯಾ ಅಂತ ಕೇಳಬೇಡಿ, ಆ ಬಳೆಗೆ ದುಡ್ಡು ಕೊಟ್ಟ ಮೇಲೆ ಇದೆ ಅಂತಲೇ ನನ್ನ ಅನಿಸಿಕೆ.)

ಕೋವಿಯ ಮಿಕ್ಕ ಭಾಗಗಳಿಗೆ, ಅದಕ್ಕೆ ತುಂಬುವ ಸಾಮಾನಿಗೆ ನಮ್ಮಲ್ಲಿ ಚೆಂದದ ಪದಗಳಿವೆ. ನಳಿಗೆ, ಕುದುರೆ, ತೋಟಾ, ಚರೆ, ಮದ್ದು. ಈ ಬಳೆಯ ಹತ್ತಿರ ಬಂದಾಗ ಮಾತ್ರ ಎಲ್ಲರೂ ನಟ್ಟು ಅಂತಾರೆ. ನಟ್ಟು ಅಂದರೆ ಆರು ಮೂಲೆಯ ಬಿಡಿ ಸಾಮಾನು ಕಣ್ಣಿಗೆ ಬರುತ್ತದೆ. ಇದು ಚಿಪ್ಪಿನಲ್ಲೇ ಹುದುಗಿ ಕೂತಿರುವಂಥದ್ದು. ದರ್ಜಿಗಳು ಟಿಚ್ ಬಟನ್ನಿಗೆ ಗಂಡು, ಹೆಣ್ಣು ಅನ್ನುತ್ತಾರೆ, ಹಾಗೇ ಹೆಣ್ಣು ತಿರುಪು ಅನ್ನಬಹುದಾ? ಹುಕ್ಕಿಗೆ ಕಣ್ಣು ಇದ್ದ ಹಾಗೆ ತಿರುಪುಗಣ್ಣು? ನನಗೆ ತಿರುಪುಗಣ್ಣೇ ಇಷ್ಟ, ಆದರೆ ಅದನ್ನು ನಾನೇ ಕಟ್ಟಿದ್ದು, ಯಾರ ಬಾಯಲ್ಲೂ ಕೇಳಿದ್ದಲ್ಲ. ಮಂಡ್ಯದ ಕಡೆ ಆಲೆಮನೆ ಗಾಣ ರಿಪೇರಿ ಮಾಡುವವರು, ಮಡಿಕೇರಿ ಕಡೆ ಕೋವಿ ಬಿಚ್ಚಿ ಜೋಡಿಸುವವರು, ಅಶೋಕ ರಸ್ತೆಯ ಅಕ್ಕಸಾಲಿಗರು, ಇವರಲ್ಲಿ ಯಾರಾದರೂ ನಿಮಗೆ ಗೊತ್ತಿದ್ದರೆ ಒಂದು ಮಾತು ಕೇಳಿ ನೋಡುತ್ತೀರಾ? ಸುತ್ತು ಒಳಗಿರುವ ತಿರುಪಿಗೆ ಅವರು ಏನಂತಾರೆ?