ಹೊಲದಲ್ಲಿ ಸಿಕ್ಕ ಲೋಹದ ಗುಂಡು: ಗುರುತಿಸಲು ನೆರವು ಬೇಕು

ಕೆಮ್ಮಣ್ಣು:
ಬೇಲಿಯ ಕಂಬಕ್ಕೆ ಗುಂಡಿ ತೋಡುವಾಗ ಎರಡಡಿ ಆಳದಲ್ಲಿ ಕ್ರಿಕೆಟ್ ಚೆಂಡಿನಷ್ಟು ದೊಡ್ಡದಾದ, ಬಹಳ ಭಾರವಾದ ಗುಂಡೊಂದು ಸಿಕ್ಕಿದೆ. ಮೂರು ದಿನದಿಂದ ಹುಡುಕುತ್ತಿದ್ದೇನೆ, ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ವಿನೆಗರ್‌ನಲ್ಲಿ ನೆನೆಸಿ ತುಕ್ಕು ತೆಗೆಯಲೇ?

ಕೋಟೆಬಾಗಿಲು:
ಇದು ಫಿರಂಗಿ ಗುಂಡು, ಅನುಮಾನವೇ ಬೇಡ. ಸುತ್ತ ಎರಕದ ಅಚ್ಚಿನ ಗೆರೆ ಇದ್ದೇ ಇರುತ್ತದೆ, ನೋಡಿ.

ತಕ್ಕಡಿ:
ಅಚ್ಚಿನಲ್ಲಿ ಬಡಿದು ಮಾಡಿದ ಗುಂಡಿಗೂ ಅಂಥದೇ ಗೆರೆ ಬೀಳುವುದರಿಂದ ಅದೊಂದರಿಂದಲೇ ತೀರ್ಮಾನಿಸಲಾಗದು. ತೂಕ ಮತ್ತು ಸುತ್ತಳತೆ ತಿಳಿಸಿ. ಗಾತ್ರಕ್ಕೆ ತಕ್ಕ ತೂಕವಿಲ್ಲದಿದ್ದರೆ ಅದು ಒಳಗೆ ಮದ್ದು ತುಂಬಿದ ಟೊಳ್ಳು ಗುಂಡಾಗಿರಬಹುದು. ಅಂಥದ್ದನ್ನು ಕಾಯಿಸುವುದು, ಕೊರೆಯುವುದು, ಉಜ್ಜುವುದು ಯಾವುದನ್ನೂ ಮಾಡದೆ ಪೊಲೀಸರಿಗೆ ತಿಳಿಸಬೇಕು. ಅಲ್ಲಿಯವರೆಗೆ ವಿನೆಗರ್ ಮಾತು ಬೇಡ.

ಕೋಟೆಬಾಗಿಲು:
ವಿನೆಗರ್‌ನಿಂದ ಏನೂ ಆಗದು, ನಾನು ಹಲವು ಮೊಳೆ, ಲಾಳಗಳನ್ನು ಹಾಗೆಯೇ ಶುಚಿಗೊಳಿಸಿದ್ದೇನೆ.

ತಕ್ಕಡಿ:
ಲಾಳದೊಳಗೆ ಮದ್ದಿರುವುದಿಲ್ಲ.

ಕೆಮ್ಮಣ್ಣು:
ತೂಕ 1,720 ಗ್ರಾಂ. ದಾರ ಸುತ್ತಿ ಮೂರು ದಿಕ್ಕಿನಲ್ಲಿ ಅಳೆದೆ: 236, 236, 235 ಮಿ.ಮೀ. ಮದ್ದು ತುಂಬುವಂಥ ರಂಧ್ರ ಕಾಣುತ್ತಿಲ್ಲ.

ತಕ್ಕಡಿ:
ಹಾಗಾದರೆ ವ್ಯಾಸ ಸುಮಾರು 75 ಮಿ.ಮೀ., ಘನಗಾತ್ರ 222 ಘನ ಸೆಂ.ಮೀ., ಸಾಂದ್ರತೆ ಘನ ಸೆಂ.ಮೀ.ಗೆ 7.75 ಗ್ರಾಂ. ಅಂದರೆ ಗುಂಡು ಒಳಗೂ ಗಟ್ಟಿಯಾಗಿದೆ, ಟೊಳ್ಳಲ್ಲ. ಎರಕದ ಫಿರಂಗಿ ಗುಂಡಿನ ಬೂದು ಎರಕದ ಕಬ್ಬಿಣದ ಸಾಂದ್ರತೆ 7.2ರ ಆಸುಪಾಸಿನದು, ಆ ಲೆಕ್ಕಕ್ಕೆ ಇದು 1,600 ಗ್ರಾಂ ತೂಗಬೇಕಿತ್ತು. ಉಕ್ಕಿನದು 7.85. ಅದಿರು ಮತ್ತು ಸಿಮೆಂಟ್ ಅರೆಯುವ ಗಿರಣಿಗಳ ಉರುಳೆಯೊಳಗೆ ಹಾಕುವ ಉಕ್ಕಿನ ಗುಂಡು ಇದೆಂದು ನನಗೆ ತೋರುತ್ತದೆ.

ಕೋಟೆಬಾಗಿಲು:
ತುಕ್ಕಿನಿಂದ ಅಳತೆ ಏರುಪೇರಾಗಿರಬಹುದಲ್ಲ? ಅಲ್ಲದೆ ಬಡಿದು ಮಾಡಿದ ಕಬ್ಬಿಣದ ಫಿರಂಗಿ ಗುಂಡುಗಳೂ ಇದ್ದವು, ಅವುಗಳ ಸಾಂದ್ರತೆ 7.7ರಷ್ಟೇ.

ತಕ್ಕಡಿ:
ತುಕ್ಕು ಕಬ್ಬಿಣಕ್ಕಿಂತ ಹಗುರ, ಆದ್ದರಿಂದ ಅದು ಸಾಂದ್ರತೆಯನ್ನು ತಗ್ಗಿಸಿ ತೋರಿಸುತ್ತದೆಯೇ ಹೊರತು ಹೆಚ್ಚಿಸಿ ಅಲ್ಲ. ಬಡಿದ ಗುಂಡಿನ ವಿಷಯ ನೀವು ಹೇಳಿದ್ದು ಸರಿ. ಆದರೆ ಸುತ್ತಿಗೆಯಿಂದ ಬಡಿದದ್ದು ಮೂರು ದಿಕ್ಕಿನಲ್ಲೂ ಒಂದೇ ಮಿ.ಮೀ. ವ್ಯತ್ಯಾಸಕ್ಕೆ ಬರುವುದು ಕಷ್ಟ. ಅಲ್ಲಿ ಹಿಂದೆ ಗಣಿಯೋ ಗಿರಣಿಯೋ ಇತ್ತೇ?

ಕೆಮ್ಮಣ್ಣು:
ಇಲ್ಲ, ತಲೆಮಾರುಗಳಿಂದ ಹೊಲವೇ. ಆ ಮೂಲೆ ಮಾತ್ರ ತಗ್ಗಾಗಿದ್ದುದರಿಂದ ಎಂಟು ವರ್ಷದ ಹಿಂದೆ ಲಾರಿಯಲ್ಲಿ ಮಣ್ಣು ತರಿಸಿ ತುಂಬಿಸಿದ್ದೆವು. ಅದನ್ನು ಹೇಳುವ ಅಗತ್ಯವಿದೆ ಎಂದುಕೊಂಡಿರಲಿಲ್ಲ.

ತಕ್ಕಡಿ:
ಮೊದಲು ಹೇಳಬೇಕಾದದ್ದೇ ಅದು! ಗಿರಣಿಯ ಕಡೆಯಿಂದ ಬಂದ ಮಣ್ಣಾದರೆ ಗುಂಡೂ ಅದರೊಂದಿಗೇ ಬಂದಿರಬಹುದು. ಆ ಮಣ್ಣಿನಲ್ಲಿ ಗಿರಣಿಯಲ್ಲಿ ಅರೆದಂಥ, ಹಿಟ್ಟಿನಂತೆ ನುಣ್ಣನೆಯ ಕಲ್ಲುಪುಡಿ ಇದೆಯೇ?

ಕೆಮ್ಮಣ್ಣು:
ಗುಂಡಿಯ ಗೋಡೆಯಲ್ಲಿ ಗೇಣುದ್ದದ ಬೂದುಬಣ್ಣದ ಪದರವಿದೆ, ಬೆರಳಿನಲ್ಲಿ ತಿಕ್ಕಿದರೆ ಹಿಟ್ಟಿನಂತೆಯೇ ಇದೆ. ಗುಂಡು ಸಿಕ್ಕಿದ್ದು ಅದರೊಳಗೇ.

ಕೋಟೆಬಾಗಿಲು:
ಆದರೂ ಒಣ ಕುಂಚದಿಂದ ಮೆಲ್ಲನೆ ಮಣ್ಣು ಸರಿಸಿ, ರಂಧ್ರವಿಲ್ಲವೆಂದು ಇನ್ನೊಮ್ಮೆ ನೋಡಿಕೊಳ್ಳಿ.