ಅಪ್‌ಡೇಟ್: ಜಿಂಕೆ ಬೇಟೆಗೆ ಕೊನೆಗೆ 6.5 ಕ್ರೀಡ್‌ಮೋರ್
ಪರವಾನಗಿಯ ಜಿಂಕೆ ಬೇಟೆಗೆ, ಹೆಗಲಿಗೆ ಹೆಚ್ಚು ಒದೆಯದ ರೈಫಲ್ ಯಾವ ಕ್ಯಾಲಿಬರಿನದಿರಬೇಕೆಂದು (ಅಂದರೆ ಎಷ್ಟು ವ್ಯಾಸದ ಗುಂಡಿನದೆಂದು) ಕೇಳಿದ್ದೆ. ಹಲವರು ಹೇಳಿದ .30-06 ತೋಟಾ 1906ರಿಂದ ಬಳಕೆಯಲ್ಲಿದ್ದು, ಅದರ ಶಕ್ತಿಯ ಬಗ್ಗೆ ಎರಡು ಮಾತಿಲ್ಲ. ಆದರೆ ಒದೆತವನ್ನು ನಿರೀಕ್ಷಿಸಿ ನನ್ನ ಬೆರಳು ಟ್ರಿಗರನ್ನು ಜಗ್ಗಿಬಿಡುತ್ತಿದ್ದುದರಿಂದ ಗುಂಡುಗಳು ಗುರಿಹಲಗೆಯ ಕೆಳಗೆ ಬೀಳುತ್ತಿದ್ದವು. ಅದಕ್ಕಿಂತ ಕಡಿಮೆ ಒದೆಯುವ .243 ತೋಟಾ ಹಿತವೆನಿಸಿದರೂ ಇನ್ನಷ್ಟು ಭಾರದ ಗುಂಡು ಬೇಕಿತ್ತು. 6.5 ಕ್ರೀಡ್‌ಮೋರ್ ತೋಟಾ ಸೂಚಿಸಿದವರಿಗೆ ಮನಃಪೂರ್ವಕ ಕೃತಜ್ಞತೆಗಳು: 140 ಗ್ರೇನ್, ಅಂದರೆ ಸುಮಾರು 9 ಗ್ರಾಂ ತೂಕದ, ಹಿಗ್ಗುವ ಬೇಟೆ ಗುಂಡು ಮುಂಗಾಲಿನ ಹಿಂದೆ ಶ್ವಾಸಕೋಶವನ್ನು ಹಾದುಹೋಗಿ, ಜಿಂಕೆ ಕೆಲವೇ ಹೆಜ್ಜೆಗಳಲ್ಲಿ ಬಿದ್ದಿತು. ನನಗೆ ಅಚ್ಚರಿಯೆನಿಸಿದ್ದು, ಒಂದೇ ತೂಕದ ಎರಡು ಬಗೆಯ ತೋಟಾಗಳು ಅದೇ ನಳಿಗೆಯಿಂದ ಬೇರೆಬೇರೆ ಕಡೆ ತಾಗಿದ್ದು. ಆದ್ದರಿಂದ ಬೇಟೆಗೆ ಒಯ್ಯುವ ತೋಟಾದಿಂದಲೇ ರೈಫಲ್ ಮೇಲಿನ ಗುರಿ ದುರ್ಬೀನನ್ನು ಹೊಂದಿಸಿಕೊಳ್ಳಿ. ಕನಿಷ್ಠ ಕ್ಯಾಲಿಬರಿನ ಕಾನೂನನ್ನೂ ಮೊದಲೇ ವಿಚಾರಿಸಿ.