ಬೇರೆ ನಾಯಿ ಕಂಡರೆ ಎರಗುವ ನಾಯಿಗೆ ಮೂಸುವ ಆಟ ಕಲಿಸಿದವರ ಅನುಭವ ಬೇಕು

ಮೈಸೂರಿನಿಂದ ಪ್ರಶ್ನೆ

ನಮ್ಮ ಮನೆಯಲ್ಲಿ ಮೂರು ವರ್ಷದ ನಾಟಿ ಹೆಣ್ಣು ನಾಯಿ ಇದೆ; ಹೆಸರು ಗೌರಿ. ಒಂದು ವರ್ಷದ ಹಿಂದೆ ಬೀದಿಯ ಮೂರು ನಾಯಿಗಳು ಸೇರಿ ಅದನ್ನು ಕಚ್ಚಿದವು. ಅಂದಿನಿಂದ ಯಾವ ನಾಯಿ ಕಣ್ಣಿಗೆ ಬಿದ್ದರೂ ಬೊಗಳುತ್ತಾ, ಹಗ್ಗ ಕಿತ್ತುಹೋಗುವಂತೆ ಎಳೆಯುತ್ತಿತ್ತು. ಮನೆಗೆ ಕರೆಸಿದ ತರಬೇತುದಾರರೊಬ್ಬರು ಚೋಕ್ ಚೈನ್ (ಜಗ್ಗಿದರೆ ಕುತ್ತಿಗೆಗೆ ಬಿಗಿಯುವ ಸರಪಳಿ) ತೊಡಿಸಿ, ಬೊಗಳಿದಾಗಲೆಲ್ಲ ಜಗ್ಗಬೇಕೆಂದು ಹೇಳಿಕೊಟ್ಟರು. ಒಂದು ತಿಂಗಳಲ್ಲಿ ಬೊಗಳುವುದು ನಿಂತಿತು. ಆದರೆ ಈಗ ಸದ್ದೇ ಇಲ್ಲದೆ ಎರಗುತ್ತದೆ. ಕಳೆದ ವಾರ ಊರಿನಿಂದ ಬಂದಿದ್ದ ನನ್ನ ತಮ್ಮ ಹಗ್ಗ ಹಿಡಿದಿದ್ದಾಗ ಅವನ ಕೈಗೇ ಹಲ್ಲು ತಗುಲಿತು. ಅತ್ತೆಯವರು ಇನ್ನು ಅದನ್ನು ಹೊರಗೆ ಕರೆದೊಯ್ಯುವುದೇ ಬೇಡ ಎನ್ನುತ್ತಿದ್ದಾರೆ. ತಿಂಡಿ ಬಚ್ಚಿಟ್ಟು ಮೂಸಿ ಹುಡುಕಿಸುವ ಆಟದಿಂದ ಇಂಥ ನಾಯಿಗಳು ಸುಧಾರಿಸುತ್ತವೆ ಎಂದು ಕೇಳಿದ್ದೇನೆ. ಎದುರಿಗೆ ನಾಯಿ ಬಂದಾಗ ಹುಟ್ಟುವ ಭಯಕ್ಕೂ ತಿಂಡಿ ಹುಡುಕುವುದಕ್ಕೂ ಏನು ಸಂಬಂಧವೆಂದು ನನಗೆ ತಿಳಿಯುತ್ತಿಲ್ಲ. ಮಾಡಿ ನೋಡಿದವರು, ಸರಿಬಾರದೆ ಬಿಟ್ಟವರೂ ಸಹ, ದಯವಿಟ್ಟು ತಿಳಿಸಬೇಕು.

ಬೆಂಗಳೂರಿನ ಯಲಹಂಕದಿಂದ

ಮೇಡಂ, ತಮ್ಮನ ಚರ್ಮ ಸ್ವಲ್ಪ ತರಚಿದ್ದರೂ, ಗೌರಿಗೆ ರೇಬೀಸ್ ಲಸಿಕೆ ಆಗಿದ್ದರೂ, ಇನ್ನೂ ವೈದ್ಯರನ್ನು ಕಂಡಿಲ್ಲವಾದರೆ ಅವರು ಇಂದೇ ಕಾಣಲಿ. ಇದು ನೀವು ಕೇಳಿದ ವಿಷಯವಲ್ಲ; ಆದರೂ ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪಲಿಲ್ಲ.

ನಿಮ್ಮ ಬರಹದಲ್ಲಿ ನನ್ನನ್ನು ಹೆಚ್ಚು ಕಳವಳಕ್ಕೆ ಈಡುಮಾಡಿದ ವಾಕ್ಯ, ಬೊಗಳುವುದು ನಿಂತಿತು ಎಂಬುದು. ಗುರ್ರೆನ್ನುವುದು, ಬೊಗಳುವುದು ಇವೆಲ್ಲ "ಹತ್ತಿರ ಬರಬೇಡ" ಎಂದು ನಾಯಿ ಕೊಡುವ ಮುನ್ಸೂಚನೆಗಳು. ಸರಪಳಿ ಜಗ್ಗಿದಾಗ ಅಡಗಿದ್ದು ಆ ಮುನ್ಸೂಚನೆ ಮಾತ್ರ. ಭಯ ಇದ್ದಲ್ಲೇ ಇದೆ, ಅದರ ಜೊತೆಗೆ ಬೇರೆ ನಾಯಿ ಕಂಡಾಗ ಕುತ್ತಿಗೆಗೆ ನೋವಾಗುತ್ತದೆ ಎಂಬ ಹೊಸ ಪಾಠವೂ ಸೇರಿದೆ. 2020ರಲ್ಲಿ ಪೋರ್ಚುಗಲ್‌ನ ಸಂಶೋಧಕರು ಬೇರೆ ಬೇರೆ ತರಬೇತಿ ಶಾಲೆಗಳ 92 ನಾಯಿಗಳನ್ನು ಗಮನಿಸಿ, ಜಗ್ಗುವ ಗದರಿಸುವ ಪದ್ಧತಿಯಲ್ಲಿ ಕಲಿತ ನಾಯಿಗಳಲ್ಲಿ ಒತ್ತಡದ ವರ್ತನೆಗಳೂ, ಪಾಠದ ನಂತರ ಜೊಲ್ಲಿನಲ್ಲಿ ಕಾಣುವ ಕಾರ್ಟಿಸಾಲ್ ಎಂಬ ಒತ್ತಡದ ಹಾರ್ಮೋನಿನ ಪ್ರಮಾಣವೂ ಬಹುಮಾನದಿಂದ ಕಲಿತ ನಾಯಿಗಳಿಗಿಂತ ಹೆಚ್ಚಾಗಿದ್ದವೆಂದು ಪ್ರಕಟಿಸಿದರು. ನಾನು ಇದನ್ನು ಓದುವ ಮೊದಲೇ ನಮ್ಮ ಕೆಂಚನ ಕುತ್ತಿಗೆಯಲ್ಲಿ ಅದೇ ಸರಪಳಿ ಆರು ತಿಂಗಳು ಇತ್ತೆಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ನಿಮ್ಮ ಅತ್ತೆಯವರ ಮಾತಿನಲ್ಲಿ ಅರ್ಧ ಸತ್ಯವಿದೆ. ಎರಡು ಮೂರು ವಾರ ಬೀದಿಯ ವಾಕಿಂಗ್ ನಿಲ್ಲಿಸಿ. ದಿನಕ್ಕೆ ಎರಡು ಬಾರಿ ಹೆದರಿ ಎರಗುವ ನಾಯಿ ದಿನಕ್ಕೆ ಎರಡು ಬಾರಿ ಅದನ್ನೇ ಅಭ್ಯಾಸ ಮಾಡುತ್ತಿರುತ್ತದೆ. ಆ ಬಿಡುವಿನಲ್ಲಿ ಪಶುವೈದ್ಯರಿಂದ ಪೂರ್ತಿ ತಪಾಸಣೆ ಮಾಡಿಸಿ. ಹಳೆಯ ಕಚ್ಚುಗಾಯದ ನೋವು, ಕಿವಿಯ ಸೋಂಕು, ಉಣ್ಣಿ ಹುಳು ಕಚ್ಚಿ ಬರುವ ಜ್ವರ ಇವುಗಳಲ್ಲಿ ಯಾವುದಿದ್ದರೂ ನಾಯಿಯ ಸಹನೆ ಕುಗ್ಗುತ್ತದೆ, ಅದನ್ನು ಯಾವ ಆಟವೂ ಸರಿಪಡಿಸದು.

ನಾವು ಆಟ ಆರಂಭಿಸಿದ್ದು ಹಜಾರದಲ್ಲಿ, ಆರು ರಟ್ಟಿನ ಪೆಟ್ಟಿಗೆಗಳನ್ನು ಹರಡಿ, ಒಂದರಲ್ಲಿ ಬೇಯಿಸಿದ ಕೋಳಿಯ ಈಲಿಯ ನಾಲ್ಕು ಚೂರು ಇಟ್ಟು. ಯಾವ ಆಜ್ಞೆಯೂ ಇಲ್ಲ, ಬೆರಳು ತೋರಿಸುವುದೂ ಇಲ್ಲ. ಹುಡುಕಿದಾಗ ಅದೇ ಪೆಟ್ಟಿಗೆಯೊಳಗೆ ಇನ್ನೊಂದು ಚೂರು ಹಾಕುವುದಷ್ಟೇ ನಮ್ಮ ಕೆಲಸ. ತಿಂಡಿ ನಮ್ಮ ಕೈಗಿಂತ ಹುಡುಕಿದ ಜಾಗದಲ್ಲೇ ಸಿಗಬೇಕು, ಇಲ್ಲವಾದರೆ ನಾಯಿ ಮೂಸುವುದನ್ನು ಬಿಟ್ಟು ನಮ್ಮ ಮುಖ ನೋಡುತ್ತಾ ಕೂರುತ್ತದೆ. ಮೊದಲ ದಿನ ಕೆಂಚ ಪೆಟ್ಟಿಗೆಗೇ ಹೆದರಿದ. ಅದು ನೆಲಕ್ಕೆ ಉಜ್ಜಿ ಸದ್ದಾದರೆ ಬಾಗಿಲ ತನಕ ಹಿಂದೆ ಸರಿದು ನಿಲ್ಲುತ್ತಿದ್ದ. ಮೂತಿಯನ್ನು ಒಳಗೆ ಇಳಿಸಲು ನಾಲ್ಕು ದಿನ ಬೇಕಾಯಿತು. ಎರಡನೆಯ ವಾರದ ಹೊತ್ತಿಗೆ ಪೆಟ್ಟಿಗೆಗಳನ್ನು ತಾನೇ ಮಗುಚಿ, ಒಂದನ್ನು ಹರಿದು ಹಾಕಿ, ಬಾಲ ಎತ್ತಿಕೊಂಡು ತಿರುಗುತ್ತಿದ್ದ. ನೀವು ಕೇಳಿದ ಸಂಬಂಧ ಇಲ್ಲಿದೆ ಎಂದು ನನಗೆ ಅನ್ನಿಸುತ್ತದೆ. ಹೆದರಿದ ನಾಯಿ ಏನನ್ನು ಕಂಡರೂ ಕೇಡನ್ನೇ ನಿರೀಕ್ಷಿಸುತ್ತದೆ. ಗೊತ್ತಿಲ್ಲದ ವಸ್ತುವಿನ ಬಳಿಗೆ ಯಾರ ಬಲವಂತವೂ ಇಲ್ಲದೆ ಹೋಗಿ, ಒಳ್ಳೆಯದನ್ನು ಕಂಡುಕೊಂಡು ಬರುವ ಅನುಭವ ನೂರಾರು ಬಾರಿ ಆದರೆ ಆ ನಿರೀಕ್ಷೆ ಸಡಿಲವಾಗುತ್ತದೆ.

ಇದನ್ನು ಅಳೆದು ನೋಡಿದವರೂ ಇದ್ದಾರೆ. ಷಾರ್ಲಟ್ ದ್ಯುರಾಂತೋ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಾಕುನಾಯಿಗಳ ಒಂದು ಗುಂಪು ಎರಡು ವಾರ ಮೂಸುವ ಆಟ ಆಡಿತು, ಇನ್ನೊಂದು ಗುಂಪು ಯಜಮಾನರ ಪಕ್ಕದಲ್ಲೇ ನಡೆಯುವ ಪಾಠ ಕಲಿತಿತು. ಎರಡಕ್ಕೂ ತಿಂಡಿಯ ಬಹುಮಾನವಿತ್ತು. ಒಂದು ಬದಿಗಿಟ್ಟ ಬಟ್ಟಲಲ್ಲಿ ಯಾವಾಗಲೂ ತಿಂಡಿ, ಇನ್ನೊಂದು ಬದಿಯದರಲ್ಲಿ ಎಂದೂ ಇಲ್ಲ ಎಂದು ಕಲಿಸಿ, ನಂತರ ಬಟ್ಟಲನ್ನು ನಡುವೆ ಇಟ್ಟು, ನಾಯಿ ಎಷ್ಟು ಬೇಗ ಅತ್ತ ಹೋಗುತ್ತದೆಂದು ಎರಡು ವಾರದ ಮೊದಲೂ ಆಮೇಲೂ ನೋಡಿದರು. ಮೂಸುವ ಆಟ ಆಡಿದವು ಮೊದಲಿಗಿಂತ ಬೇಗ ಹೋದವು, ಅಂದರೆ ತಿಂಡಿ ಇದ್ದೀತೆಂದು ಹೆಚ್ಚು ನಿರೀಕ್ಷಿಸಿದವು. ಪಕ್ಕದಲ್ಲಿ ನಡೆದವುಗಳಲ್ಲಿ ಅಂಥ ಬದಲಾವಣೆ ಕಾಣಲಿಲ್ಲ. ಅವು ಎರಗುವ ನಾಯಿಗಳಾಗಿರಲಿಲ್ಲ. ಆದ್ದರಿಂದ ಈ ಒಂದು ಪ್ರಯೋಗದ ಮೇಲೆ ಅತಿಯಾದ ಭಾರ ಹೊರಿಸಬಾರದು.

ಬೀದಿಗೆ ಇಳಿದ ಮೇಲೆ ನಾನು ಮಾಡಿದ ತಪ್ಪನ್ನು ನೀವು ಮಾಡಬೇಡಿ. ದೂರದಲ್ಲಿ ನಾಯಿಯೊಂದು ಬರುವುದು ನನಗೆ ಕಂಡ ಕೂಡಲೇ, ಕೆಂಚ ಅದನ್ನು ನೋಡುವ ಮೊದಲೇ, ಅವನ ಗಮನ ತಪ್ಪಿಸಲು ನೆಲಕ್ಕೆ ತಿಂಡಿ ಚೆಲ್ಲುತ್ತಿದ್ದೆ. ಹತ್ತು ದಿನಗಳಲ್ಲಿ ತಿಂಡಿ ಬಿದ್ದ ಸದ್ದಿಗೇ ತಲೆಯೆತ್ತಿ, ಎಲ್ಲಿ ನಾಯಿ ಎಂದು ಹುಡುಕತೊಡಗಿದ. ಅಪಾಯ ಬರುತ್ತಿದೆ ಎಂದು ಸಾರುವ ಡಂಗುರವನ್ನು ನಾನೇ ಹೊಡೆದಂತಾಗಿತ್ತು. ಕ್ರಮ ತಿರುಗಬೇಕು: ಮೊದಲು ಅವನು ನಾಯಿಯನ್ನು ನೋಡಲಿ, ಆಮೇಲೆ ನಾಲಿಗೆಯಿಂದ "ಟಕ್" ಎಂಬ ಗುರುತಿನ ಸದ್ದು, ಆಮೇಲೆ ಹುಲ್ಲಿನಲ್ಲಿ ತಿಂಡಿ. ಪ್ರಾಣಕ್ಕಿಂತ ಹೆಚ್ಚಾದ ಈಲಿಯನ್ನೂ ತಿನ್ನಲು ಒಲ್ಲೆನೆಂದರೆ ದೂರ ಸಾಲದು ಎಂದರ್ಥ, ಹಿಂತಿರುಗಿ ನಡೆಯಬೇಕು. ಇನ್ನೂ ಮನೆಗಳು ಏಳದ ಒಂದು ಲೇಔಟಿನಲ್ಲಿ ಬೆಳಗಿನ ಜಾವ, ಎಪ್ಪತ್ತು ಅಡಿ ದೂರದಿಂದ ಆರಂಭಿಸಿದೆವು. ನಾಲ್ಕು ತಿಂಗಳ ನಂತರ ಇಪ್ಪತ್ತು ಅಡಿಯಲ್ಲಿ ಬೇರೆ ನಾಯಿ ದಾಟಿ ಹೋಗುವುದನ್ನು ನೋಡಿ ಸುಮ್ಮನಿರುತ್ತಾನೆ. ಸ್ನೇಹ ಮಾಡುವುದಿಲ್ಲ, ಮಾಡಲಿ ಎಂಬ ಆಸೆಯನ್ನು ನಾನೂ ಬಿಟ್ಟಿದ್ದೇನೆ.

ಧಾರವಾಡದಿಂದ

ನನ್ನದು ಸರಿಬಾರದ ಅನುಭವ. ಮನೆಯಲ್ಲಿ ಎರಡು ನಾಯಿಗಳಿದ್ದು, ಅಂಗಳದಲ್ಲಿ ಒಟ್ಟಿಗೆ ತಿಂಡಿ ಚೆಲ್ಲಿ ಹುಡುಕಲು ಬಿಟ್ಟೆ. ಮೂರನೆಯ ದಿನ ಒಂದೇ ಚೂರಿಗೆ ಎರಡೂ ಮೂತಿ ಹಾಕಿ, ದೊಡ್ಡದು ಚಿಕ್ಕದರ ಕಿವಿ ಹರಿಯಿತು. ತನ್ನ ತಿಂಡಿ ಕಾಯುವ ಸ್ವಭಾವದ ನಾಯಿಗಳಿದ್ದರೆ ಒಂದನ್ನು ಕೋಣೆಯಲ್ಲಿರಿಸಿ ಇನ್ನೊಂದಕ್ಕೆ ಆಡಿಸಬೇಕೆಂಬುದನ್ನು ನಾಲ್ಕು ಹೊಲಿಗೆ ಬಿದ್ದ ಮೇಲೆ ತಿಳಿದೆ. ಬೀದಿಯಲ್ಲಿ ಚೆಲ್ಲುವಾಗಲೂ ಇದೇ ಎಚ್ಚರ ಬೇಕು. ವಾಸನೆಗೆ ಓಣಿಯ ನಾಯಿಗಳೇ ಓಡಿ ಬಂದರೆ ನೀವು ತಪ್ಪಿಸಲು ಹೊರಟಿದ್ದೇ ಎದುರಿಗೆ ನಿಲ್ಲುತ್ತದೆ.

ಚಿಕ್ಕದಕ್ಕೆ ಒಂಟಿಯಾಗಿ ಬಿಟ್ಟರೆ ಊಳಿಡುವ ತೊಂದರೆಯೂ ಇತ್ತು. ನಾವು ಹೊರಡುವಾಗ ಹಳೆಯ ಸೀರೆಯ ಚಿಂದಿಗಳಲ್ಲಿ ತಿಂಡಿ ಸಿಕ್ಕಿಸಿ ಕೊಟ್ಟೆವು. ಹತ್ತು ನಿಮಿಷದಲ್ಲಿ ತಿಂದು ಮುಗಿಸಿ, ಹನ್ನೊಂದನೆಯ ನಿಮಿಷಕ್ಕೆ ಊಳಿಟ್ಟಿತೆಂದು ಪಕ್ಕದ ಮನೆಯವರು ತಿಳಿಸಿದರು. ಅದಕ್ಕೆ ಕೊನೆಗೆ ಉಪಯೋಗವಾದದ್ದು ಅರ್ಧ ನಿಮಿಷ, ಒಂದು ನಿಮಿಷ ಹೀಗೆ ಹೊರಗೆ ಹೋಗಿ ಬರುವ ಅಭ್ಯಾಸ ಮತ್ತು ವೈದ್ಯರು ಕೊಟ್ಟ ಔಷಧಿ. ಎಲ್ಲಕ್ಕೂ ಇದೊಂದೇ ಮದ್ದು ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ತೀರ್ಥಹಳ್ಳಿ ಕಡೆಯಿಂದ

ನಮ್ಮ ತೋಟದ ನಾಯಿ ಹಗಲೆಲ್ಲ ಕಟ್ಟಿರುತ್ತಿತ್ತು. ಅಡಿಕೆ ಕೊನೆ ತೆಗೆಯಲು ಬಂದವರ ಮೇಲೆ ಹಾರುತ್ತದೆಂದು ಕಟ್ಟುತ್ತಿದ್ದೆವು, ಕಟ್ಟಿದಷ್ಟೂ ಹಾರುವುದು ಹೆಚ್ಚಿತು. ಈಗ ಬೆಳಿಗ್ಗೆ ಅರ್ಧ ಗಂಟೆ ಹದಿನೈದು ಅಡಿಯ ಹಗ್ಗವನ್ನು ಎದೆಪಟ್ಟಿಗೆ ಕಟ್ಟಿ, ಅದು ಮೂಸಿದ ಕಡೆಗೆ ನಾನು ಹಿಂಬಾಲಿಸುತ್ತೇನೆ. ಎಲ್ಲಿಗೆ ಹೋಗಬೇಕೆಂದು ನಿರ್ಧರಿಸುವುದು ಅದು. ಬಳಿಕ ಅಂಗಳದಲ್ಲಿ ಒಣಮೀನಿನ ಚೂರು ಹುಡುಕಿಸುತ್ತೇನೆ. ಕಟ್ಟಿದರೂ ಮಧ್ಯಾಹ್ನದ ತನಕ ನೆಮ್ಮದಿಯಿಂದ ಮಲಗುತ್ತದೆ. ಕೆಲಸದವರು ಬಂದಾಗ ಎದ್ದು ಎರಡು ಸಲ ಬೊಗಳಿ ಸುಮ್ಮನಾಗುತ್ತದೆ, ಅಷ್ಟು ಬೊಗಳದಿದ್ದರೆ ತೋಟದ ನಾಯಿ ಎನ್ನುವುದೇಕೆ?

ತರಗೆಲೆಯ ರಾಶಿಯಲ್ಲಿ ಮಾತ್ರ ತಿಂಡಿ ಬಚ್ಚಿಡಬೇಡಿ. ಕೊಳಕುಮಂಡಲ ಮಲಗುವುದು ಅಂಥ ಕಡೆಯೇ, ನಾಯಿ ಮೊದಲು ಇಳಿಸುವುದು ಮೂತಿಯನ್ನೇ. ಮೈಸೂರಿನ ಖಾಲಿ ಸೈಟುಗಳಿಗೂ ಈ ಮಾತು ಸಲ್ಲುತ್ತದೆ.

ಪೊಲೀಸ್ ಶ್ವಾನದಳದಲ್ಲಿದ್ದು ನಿವೃತ್ತನಾದವನಿಂದ

ಮೇಲಿನವರು ಹೇಳದ ಎರಡು ಸಂಗತಿ. ನಾಯಿ ಏದುಸಿರು ಬಿಡುತ್ತಿರುವಾಗ ಚೆನ್ನಾಗಿ ಮೂಸಲಾರದು. ಬೇಸಿಗೆಯಲ್ಲಿ ಬೆಳಿಗ್ಗೆ ಏಳರೊಳಗೆ ಮುಗಿಸಿ, ಐದು ನಿಮಿಷಕ್ಕೊಮ್ಮೆ ನೀರು ಮತ್ತು ನೆರಳು ಕೊಡಿ. ಎರಡನೆಯದು ಗಾಳಿ. ವಾಸನೆ ಗಾಳಿ ಬೀಸಿದತ್ತ ಹರಿಯುತ್ತದೆ, ಆದ್ದರಿಂದ ಗಾಳಿ ನಾಯಿಯ ಮುಖಕ್ಕೆ ಬರುವಂತೆ ನಿಲ್ಲಿಸಿದರೆ ಹೊಸ ನಾಯಿಗೆ ಬೇಗ ಗೆಲುವು ಸಿಗುತ್ತದೆ. ತಿಂಡಿಯನ್ನು ದಾಟಿ ಹೋಗಿ ಮತ್ತೆ ತಿರುಗಿ ಬಂದರೆ ತಪ್ಪಿತೆಂದು ಭಾವಿಸಿ ತೋರಿಸಿಕೊಡಬೇಡಿ. ವಾಸನೆಯ ಅಂಚು ಎಲ್ಲಿಗೆ ಮುಗಿಯುತ್ತದೆಂದು ಅದು ಅಳೆಯುತ್ತಿರುತ್ತದೆ. ನಮ್ಮ ಕಾಲದಲ್ಲಿ ಗದರಿಸಿ ಕಲಿಸಿದ್ದೂ ಉಂಟು. ಆದರೆ ಹುಡುಕುವ ಕೆಲಸವನ್ನು ಗದರಿಸಿ ಮಾಡಿಸಲು ನನ್ನಿಂದ ಎಂದೂ ಆಗಲಿಲ್ಲ. ಹೆದರಿದ ನಾಯಿ ವಾಸನೆಯನ್ನು ಬಿಟ್ಟು ನನ್ನ ಕಾಲನ್ನು ನೋಡುತ್ತಿತ್ತು. ಚೆಂಡಿನ ಆಸೆಯಿಂದಲೇ ಅವು ಕೆಲಸ ಕಲಿತದ್ದು.

ಕ್ಯಾಲಿಫೋರ್ನಿಯಾದಲ್ಲಿರುವ ಕನ್ನಡತಿಯಿಂದ

ಇಲ್ಲಿ ಇದು ಒಂದು ಸ್ಪರ್ಧೆಯಾಗಿಯೇ ಬೆಳೆದಿದೆ. ಪತ್ತೆ ನಾಯಿಗಳ ಕೆಲಸವನ್ನು ಮನೆನಾಯಿಗಳಿಗೂ ಆಟವಾಗಿ ಕಲಿಸಬಹುದೆಂದು ರಾನ್ ಗಾಂಟ್, ಏಮಿ ಹೆರೊ, ಜಿಲ್ ಮರಿ ಓಬ್ರಿಯನ್ ಎಂಬ ಮೂವರು ತರಬೇತುದಾರರು 2006ರಲ್ಲಿ ಇದೇ ರಾಜ್ಯದಲ್ಲಿ ಆರಂಭಿಸಿದರು. ನನ್ನ ನಾಯಿಯೂ ಗೌರಿಯಂತೆಯೇ ಇದ್ದುದರಿಂದ ತರಗತಿಗೆ ಸೇರಿಸಲು ಅಂಜಿದ್ದೆ. ಆದರೆ ಇಲ್ಲಿ ಒಂದು ಸಲಕ್ಕೆ ಒಂದೇ ನಾಯಿ ಕಣಕ್ಕೆ ಬರುತ್ತದೆ, ಉಳಿದವು ತಮ್ಮ ತಮ್ಮ ಕಾರಿನಲ್ಲಿ ಕಾಯುತ್ತವೆ. ಬೇರೆ ನಾಯಿಗಳಿರುವ ಊರಿನಲ್ಲಿ ಅವುಗಳ ಮುಖ ನೋಡದೆ, ಅವು ಬಿಟ್ಟುಹೋದ ವಾಸನೆಯ ನಡುವೆ ತನ್ನ ಕೆಲಸ ಮಾಡಿ ಹೊರಬರುವುದು ನನ್ನ ನಾಯಿಗೆ ದೊಡ್ಡ ಮೆಟ್ಟಿಲಾಯಿತು. ನೀವೂ ಇದನ್ನು ಮಾಡಬಹುದು: ಪರಿಚಯದವರ ನಾಯಿ ಓಡಾಡಿದ ಅಂಗಳಕ್ಕೆ, ಆ ನಾಯಿ ಒಳಗೆ ಹೋದ ಮೇಲೆ, ಗೌರಿಯನ್ನು ಕರೆದೊಯ್ದು ಹುಡುಕಿಸಿ.

ಸ್ಪರ್ಧೆಯಲ್ಲಿ ಬಳಸುವ ಮೂರು ವಾಸನೆಗಳು ಬರ್ಚ್ ಮರ, ಸೋಂಪಿನಂಥ ವಾಸನೆಯ ಆನಿಸ್ ಮತ್ತು ನಮ್ಮ ಲವಂಗ. ಪುಲಾವಿಗೆ ಹಾಕುವ ಲವಂಗವನ್ನೇ ನಾಲ್ಕಾರು, ತೂತು ಮಾಡಿದ ಪುಟ್ಟ ಡಬ್ಬಿಯಲ್ಲಿ ಹಾಕಿ, ನಾಯಿಯ ಬಾಯಿಗೆ ಸಿಗದಂತೆ ಮುಚ್ಚಿ. ಕೆಲವು ದಿನ ಡಬ್ಬಿಯ ಪಕ್ಕದಲ್ಲೇ ತಿಂಡಿ ಇಡಿ; ನಂತರ ಡಬ್ಬಿ ಮಾತ್ರ ಬಚ್ಚಿಟ್ಟು, ಹುಡುಕಿದಾಗ ಅಲ್ಲಿಗೇ ಹೋಗಿ ತಿಂಡಿ ಕೊಡಿ. ಆಗ ಬೀದಿನಾಯಿಗಳನ್ನು ಕರೆಯುವ ತಿಂಡಿ ನೆಲದಲ್ಲಿ ಬಿದ್ದಿರುವುದಿಲ್ಲ, ಧಾರವಾಡದವರು ಹೇಳಿದ ತೊಡಕು ಬಹುಮಟ್ಟಿಗೆ ತಪ್ಪುತ್ತದೆ. ಇದರ ಜೊತೆಗೆ ಜಾಲರಿಯ ಬಾಯಿಬುಟ್ಟಿಯನ್ನು ತಿಂಡಿ ತೋರಿಸುತ್ತಾ ನಿಧಾನವಾಗಿ ರೂಢಿ ಮಾಡಿಸಿ. ಸದ್ದಿಲ್ಲದೆ ಎರಗುವ ನಾಯಿಯನ್ನು ಅದಿಲ್ಲದೆ ಬೀದಿಗೆ ಇಳಿಸುವುದು ಈಗ ಸರಿಯಲ್ಲ.

ಮೈಸೂರಿನಿಂದ, ಏಳು ವಾರಗಳ ನಂತರ

ತಮ್ಮ ಅಂದೇ ಲಸಿಕೆ ಹಾಕಿಸಿಕೊಂಡಿದ್ದ. ಪಶುವೈದ್ಯರು ನೋಡಿದಾಗ ಗೌರಿಯ ಬಲಗಿವಿಯೊಳಗೆ ಹಳೆಯ ಸೋಂಕು ಇತ್ತು. ಸರಪಳಿ ಜಗ್ಗಿದಾಗಲೆಲ್ಲ ಅಲ್ಲಿಗೂ ನೋವಾಗಿರಬೇಕೆಂದು ಅವರು ಹೇಳಿದ್ದನ್ನು ಕೇಳಿ ನನಗೆ ಮಾತು ಹೊರಡಲಿಲ್ಲ. ಸರಪಳಿಯನ್ನು ಅಂದೇ ತೆಗೆದೆವು. ಮೂರು ವಾರ ತಾರಸಿಯಲ್ಲೇ ಹುಡುಕಾಟ ನಡೆಯಿತು. ಹೊರಗೆ ಬೇಡವೆಂದಿದ್ದ ಅತ್ತೆಯವರು ಈಗ ಹೂಕುಂಡಗಳ ಹಿಂದೆ ಕೊಬ್ಬರಿ ಚೂರು ಬಚ್ಚಿಟ್ಟು, ಸಿಗದಿದ್ದರೆ ಗುಟ್ಟಾಗಿ ಕಣ್ಣಿನಿಂದ ತೋರಿಸಿಕೊಡುತ್ತಾರೆ, ಬೇಡವೆಂದರೂ ಕೇಳುವುದಿಲ್ಲ. ಲವಂಗದ ಡಬ್ಬಿಯನ್ನು ಮೊನ್ನೆಯಿಂದ ಆರಂಭಿಸಿದ್ದೇವೆ.

ಬಾಯಿಬುಟ್ಟಿ ತೊಡಿಸಿ ಕಾರಿನಲ್ಲಿ ಊರ ಹೊರಗಿನ ಒಂದು ಬಯಲಿಗೆ ನಾಲ್ಕು ಸಲ ಹೋಗಿ ಬಂದೆವು. ಎರಡು ಸಲ ಏನೂ ಆಗಲಿಲ್ಲ. ಮೂರನೆಯ ಸಲ ಕುರಿ ಕಾಯುವವರ ನಾಯಿಯೊಂದು ಹಠಾತ್ತನೆ ಹತ್ತಿರ ಬಂದು ಎಲ್ಲ ಕೆಟ್ಟಿತು, ಗೌರಿ ಎರಗಿತು, ಹಿಂತಿರುಗಿದೆವು. ನಾಲ್ಕನೆಯ ಸಲ ಅದೇ ನಾಯಿ ಬಹು ದೂರದಲ್ಲಿತ್ತು. ಗೌರಿ ಅದನ್ನು ನೋಡಿತು, ವರ್ಷದಲ್ಲಿ ಮೊದಲ ಸಲ ಗಟ್ಟಿಯಾಗಿ ಗುರ್ರೆಂದಿತು, ನಾನು "ಟಕ್" ಎಂದೆ, ಅದು ಮೂತಿ ಇಳಿಸಿ ಹುಲ್ಲನ್ನು ಮೂಸತೊಡಗಿತು. ಗುರ್ರೆಂದದ್ದಕ್ಕೆ ನಾನು ಇಷ್ಟು ಸಂತೋಷಪಟ್ಟದ್ದನ್ನು ಕಂಡು ಅತ್ತೆಯವರಿಗೆ ಆಶ್ಚರ್ಯವಾಯಿತು.